ಗಾಜಿನ ತೊಟ್ಟಿಯ ನೆರೆಹೊರೆ

ದಾವಣಗೆರೆಯ ಸಹೋದರಿಯೊಬ್ಬರು ಈ ಅಂಕಣಕ್ಕೆ ದೀರ್ಘವಾದ ಪತ್ರವೊಂದನ್ನು ಬರೆದಿದ್ದಾರೆ. ಒಂಬತ್ತನೆಯ ತರಗತಿಯಲ್ಲಿ ಓದುತ್ತಿರುವ ಅವರ ಮಗ ಬೇಸಿಗೆಯ ರಜೆಯನ್ನೆಲ್ಲ ವಿನಿಯೋಗಿಸಿ ಮನೆಯ ಪಡಸಾಲೆಯಲ್ಲಿ ಗಾಜಿನ ತೊಟ್ಟಿಯೊಂದನ್ನು ಸಿದ್ಧಪಡಿಸಿದ್ದಾನೆ. ಅದು ಕೇವಲ ಮೀನಿನ ತೊಟ್ಟಿಯಲ್ಲ. ಒಂದು ಭಾಗದಲ್ಲಿ ನೀರು, ಇನ್ನೊಂದು ಭಾಗದಲ್ಲಿ ಕಲ್ಲು ಮಣ್ಣುಗಳ ದಂಡೆ, ದಂಡೆಯ ಮೇಲೆ ಗಿಡಗಳು. ಕೆರೆಯಂಚಿನ ಒಂದು ತುಣುಕನ್ನು ಕತ್ತರಿಸಿ ತಂದು ಮನೆಯಲ್ಲಿಟ್ಟಂತೆ ಕಾಣುತ್ತದೆಯಂತೆ. ಇಂಗ್ಲಿಷಿನಲ್ಲಿ ಇದಕ್ಕೆ ಪಲುಡೇರಿಯಂ ಎನ್ನುತ್ತಾರೆ. ಲ್ಯಾಟಿನ್ ಭಾಷೆಯಲ್ಲಿ ‘ಪಲುಸ್’ ಎಂದರೆ ಜೌಗು. ನಾವು ಜೌಗುತೊಟ್ಟಿ ಎಂದು ಕರೆದರೆ ತಪ್ಪಾಗಲಾರದು.

ಇಷ್ಟರವರೆಗೆ ಎಲ್ಲವೂ ಸಂತೋಷದ ವಿಷಯವೇ. ತೊಡಕು ಮುಂದಿನದು. ಹುಡುಗನು ಒಂದು ಪಟ್ಟಿಯನ್ನು ತಯಾರಿಸಿದ್ದಾನೆ: ಒಂದು ಆಮೆ, ಎರಡು ಕಪ್ಪೆ, ಎರಡು ಏಡಿ, ಹತ್ತು ನಿಯಾನ್ ಮೀನು, ಒಂದು ಹೊಂಬಣ್ಣದ ಮೀನು. “ಇವೆಲ್ಲ ಕೆರೆಯಲ್ಲಿ ಕೂಡಿಯೇ ಇರುತ್ತವಲ್ಲ, ತೊಟ್ಟಿಯಲ್ಲಿ ಏಕೆ ಇರಬಾರದು?” ಎಂಬುದು ಅವನ ವಾದ. ಅತ್ತೆಯವರಾದರೋ, “ಜೀವಂತ ಹುಳುಗಳನ್ನು ತಂದು ಮತ್ತೊಂದು ಜೀವಕ್ಕೆ ತಿನ್ನಿಸುವ ಕೆಲಸ ಈ ಮನೆಯಲ್ಲಿ ನಡೆಯಕೂಡದು” ಎಂದು ಕಟ್ಟುನಿಟ್ಟಾಗಿ ಹೇಳಿಬಿಟ್ಟಿದ್ದಾರೆ. ಇಬ್ಬರ ನಡುವೆ ಸಿಲುಕಿರುವ ಸಹೋದರಿಯವರು ನನ್ನ ಅಭಿಪ್ರಾಯವನ್ನು ಕೇಳಿದ್ದಾರೆ.

ಉತ್ತರಿಸುವ ಮೊದಲು ನನ್ನದೇ ತಪ್ಪೊಂದನ್ನು ಒಪ್ಪಿಕೊಳ್ಳಬೇಕಾಗಿದೆ. 2009ರಲ್ಲಿ ನನ್ನ ಮೊಮ್ಮಗಳ ಹಟಕ್ಕೆ ಮಣಿದು ಅಂಗಡಿಯೊಂದರಿಂದ ಒಂದು ಪುಟ್ಟ ಆಮೆಯನ್ನು ತಂದೆ. ಹಸಿರು ಬಣ್ಣದ, ಕಣ್ಣಿನ ಹಿಂದೆ ಕೆಂಪು ಪಟ್ಟೆಯಿದ್ದ ಮರಿ. ಅಂಗೈ ಮೇಲೆ ಐದು ರೂಪಾಯಿಯ ನಾಣ್ಯದಂತೆ ಕೂರುತ್ತಿತ್ತು. “ಇದು ಇಷ್ಟೇ ಇರುತ್ತದೆ, ಮೀನುಗಳ ಜೊತೆ ಬಿಡಿ” ಎಂದು ಅಂಗಡಿಯಾತ ಹೇಳಿದ. ಪ್ರಾಣಿಶಾಸ್ತ್ರವನ್ನು ಓದಿಕೊಂಡಿದ್ದ ನಾನು ಅದನ್ನು ನಂಬಿದ್ದು ಹೇಗೆಂಬುದು ಇಂದಿಗೂ ನನಗೆ ತಿಳಿಯದು. ಆರು ಗಪ್ಪಿ ಮೀನುಗಳಿದ್ದ ತೊಟ್ಟಿಯಲ್ಲಿ ಅದನ್ನು ಬಿಟ್ಟೆ. ಒಂದು ತಿಂಗಳಲ್ಲಿ ಎರಡು ಮೀನುಗಳು ಉಳಿದವು. “ಅಜ್ಜಾ, ಉಳಿದ ಮೀನ ಎಲ್ಲಿ ಹೋದ್ವು?” ಎಂದು ಮಗು ಕೇಳಿದಾಗ ಕಲ್ಲಿನ ಸಂದಿಯಲ್ಲಿ ಅಡಗಿರಬೇಕು ಎಂದು ಸುಳ್ಳು ಹೇಳಿದೆ.

ಆ ಆಮೆ ಅಮೆರಿಕದ ಮಿಸಿಸಿಪಿ ನದಿಯ ಕಣಿವೆಗೆ ಸೇರಿದ್ದು. ಕೆಂಪುಕಿವಿಯ ಸ್ಲೈಡರ್ ಎಂದು ಅದರ ಹೆಸರು. ಮರಿಯಾಗಿರುವಾಗ ಮಾಂಸಾಹಾರವನ್ನೇ ಹೆಚ್ಚಾಗಿ ಬಯಸುವ ಪ್ರಾಣಿ. ಪೂರ್ಣ ಬೆಳೆದರೆ ಚಿಪ್ಪೊಂದೇ 20ರಿಂದ 30 ಸೆಂಟಿಮೀಟರ್ ಉದ್ದವಾಗುತ್ತದೆ. ಮೂವತ್ತು ವರ್ಷ ಬದುಕಬಲ್ಲದು. ನಾಲ್ಕು ವರ್ಷಗಳಲ್ಲಿ ನಮ್ಮದು ಊಟದ ತಟ್ಟೆಯ ಅಳತೆಗೆ ಬಂದು, ತೊಟ್ಟಿಯಲ್ಲಿ ತಿರುಗಲೂ ಜಾಗವಿಲ್ಲದೆ ದಿನವಿಡೀ ಗಾಜಿಗೆ ಉಗುರು ಕೆರೆಯುತ್ತಿತ್ತು. ಆ ಸದ್ದು ರಾತ್ರಿಯ ಹೊತ್ತು ಮಲಗುವ ಕೋಣೆಯವರೆಗೂ ಕೇಳಿಸುತ್ತಿತ್ತು. ಕಡೆಗೊಂದು ದಿನ ಮಗುವಿಗೆ ತಿಳಿಯದಂತೆ ಊರಾಚೆಯ ಕೆರೆಗೆ ಒಯ್ದು ಬಿಟ್ಟುಬಂದೆ. ಪುಣ್ಯದ ಕೆಲಸ ಮಾಡಿದೆನೆಂದೇ ಅಂದು ಭಾವಿಸಿದ್ದೆ. ಜಗತ್ತಿನ ಅತ್ಯಂತ ಹಾನಿಕಾರಕವಾದ ನೂರು ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಈ ಆಮೆಯೂ ಇದೆಯೆಂದು ಆಮೇಲೆ ಓದಿದೆ. ಬಿಸಿಲು ಕಾಯುವ ಜಾಗ, ಆಹಾರ, ಎಲ್ಲಕ್ಕೂ ಅದು ನಮ್ಮ ಕೆರೆಯ ಆಮೆಗಳೊಡನೆ ಪೈಪೋಟಿ ನಡೆಸುತ್ತದೆ. ಐರೋಪ್ಯ ಒಕ್ಕೂಟವು 1997ರಲ್ಲಿಯೇ ಇದರ ಆಮದನ್ನು ನಿಲ್ಲಿಸಿತ್ತು. ಆ ಕೆರೆಯ ಏರಿಯ ಮೇಲೆ ಹೋಗುವಾಗ ನಾನು ಇಂದಿಗೂ ನೀರಿನತ್ತ ನೋಡುವುದಿಲ್ಲ.

ಆದುದರಿಂದ ಆ ಪಟ್ಟಿಯ ಮೊದಲ ಹೆಸರನ್ನು ಹುಡುಗನು ತಾನೇ ಹೊಡೆದುಹಾಕಲಿ. ನಮ್ಮ ದೇಶದ ಆಮೆಗಳನ್ನು, ಅದರಲ್ಲಿಯೂ ‘ಅದೃಷ್ಟ ತರುತ್ತದೆ’ ಎಂದು ಗುಟ್ಟಾಗಿ ಮಾರುವ ನಕ್ಷತ್ರದ ಆಮೆಯನ್ನು, ಮನೆಯಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಚಿಕ್ಕ ಮಕ್ಕಳಿರುವ ಮನೆಗೆ ಇನ್ನೊಂದು ಎಚ್ಚರಿಕೆಯೂ ಇದೆ. ಆಮೆಗಳ ಮೈಮೇಲೆ ಸಾಲ್ಮೊನೆಲ್ಲಾ ಎಂಬ, ವಾಂತಿಭೇದಿ ತರುವ ಸೂಕ್ಷ್ಮಾಣು ಇರುವುದು ಸಾಮಾನ್ಯ. ಅಮೆರಿಕದಲ್ಲಿ ನಾಲ್ಕು ಅಂಗುಲಕ್ಕಿಂತ ಚಿಕ್ಕ ಚಿಪ್ಪಿನ ಆಮೆಗಳ ಮಾರಾಟವನ್ನು 1975ರಲ್ಲಿ ನಿಷೇಧಿಸಿದ್ದು ಇದೇ ಕಾರಣಕ್ಕೆ. ಮರಿಗಳನ್ನು ಮಕ್ಕಳು ಬಾಯಿಗೆ ಹಾಕಿಕೊಳ್ಳುತ್ತಿದ್ದರು.

ಇನ್ನು ಹುಡುಗನ ವಾದವನ್ನು ನೋಡೋಣ. ಕೆರೆಯಲ್ಲಿ ಎಲ್ಲವೂ ಕೂಡಿ ಇರುತ್ತವೆ ಎಂಬುದು ನಿಜ. ಆದರೆ ಅವು ಕೂಡಿ ಇರುವುದು ಒಂದನ್ನೊಂದು ತಪ್ಪಿಸಿಕೊಂಡು ಓಡಲು ಸ್ಥಳವಿರುವುದರಿಂದ. ಅಲ್ಲಿಯೂ ಕಪ್ಪೆ ಮೀನಿನ ಮರಿಯನ್ನು ನುಂಗುತ್ತದೆ, ಏಡಿ ಕಪ್ಪೆಯ ಮೊಟ್ಟೆಯನ್ನು ತಿನ್ನುತ್ತದೆ. ನೂರು ಹೋದರೆ ಇನ್ನೂರು ಹುಟ್ಟುತ್ತವೆಯಾದ್ದರಿಂದ ನಮ್ಮ ಕಣ್ಣಿಗೆ ಅದು ಸಹಬಾಳ್ವೆಯಂತೆ ತೋರುತ್ತದೆ. ತೊಟ್ಟಿಯಲ್ಲಿ ಓಡುವುದಕ್ಕೆ ಜಾಗವೆಲ್ಲಿದೆ?

ಜಾಗದ ಲೆಕ್ಕವನ್ನೇ ಮಾಡಿಬಿಡೋಣ. ಪತ್ರದಲ್ಲಿ ತಿಳಿಸಿರುವಂತೆ ತೊಟ್ಟಿಯ ಉದ್ದ 90 ಸೆಂಟಿಮೀಟರ್, ಅಗಲ 45, ನೀರಿನ ಆಳ 15. ಗುಣಿಸಿದರೆ ಸುಮಾರು 60 ಲೀಟರ್. ಇದರಲ್ಲಿ ಮೂರನೆಯ ಒಂದು ಪಾಲನ್ನು ಕಲ್ಲು ಮಣ್ಣುಗಳ ದಂಡೆ ಆಕ್ರಮಿಸಿದೆ. ಉಳಿದದ್ದು 40 ಲೀಟರ್, ಎಂದರೆ ಸ್ನಾನದ ಎರಡು ದೊಡ್ಡ ಬಕೆಟ್ಟುಗಳಷ್ಟು ನೀರು. ಜೌಗುತೊಟ್ಟಿಯ ವಿಷಯದಲ್ಲಿ ಬಹುತೇಕರು ಮೋಸಹೋಗುವುದು ಇಲ್ಲಿಯೇ. ನೋಡಲು ತೊಟ್ಟಿ ದೊಡ್ಡದು, ನೀರು ಮಾತ್ರ ಅತ್ಯಲ್ಪ. ನೀರು ಕಡಿಮೆಯಿದ್ದಷ್ಟೂ ಅದು ಬೇಗ ಕಾಯುತ್ತದೆ, ಬೇಗ ಕೆಡುತ್ತದೆ. 20 ಡಿಗ್ರಿ ಉಷ್ಣತೆಯಲ್ಲಿ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಪ್ರಾಣವಾಯುವನ್ನು ಹಿಡಿದಿಟ್ಟುಕೊಂಡರೆ, 30 ಡಿಗ್ರಿಯಲ್ಲಿ ಅದು ಏಳೂವರೆಗೆ ಇಳಿಯುತ್ತದೆ. ದಾವಣಗೆರೆಯ ಏಪ್ರಿಲ್ ತಿಂಗಳಿನಲ್ಲಿ ಪಡಸಾಲೆಯ ನೀರು 30 ಡಿಗ್ರಿ ಮುಟ್ಟುವುದು ಏನೂ ಕಷ್ಟವಲ್ಲ. ತಂಪು ನೀರಿನ ಪ್ರಾಣಿಗಳು, ಉದಾಹರಣೆಗೆ ಮೆಕ್ಸಿಕೋ ದೇಶದ ಆಕ್ಸೊಲಾಟಲ್, ನಮ್ಮ ಬಯಲುಸೀಮೆಯ ಮನೆಗಳಿಗೆ ಸಲ್ಲವೆಂಬುದು ಇದರಿಂದಲೇ ಸ್ಪಷ್ಟವಾಗುತ್ತದೆ. 24 ಡಿಗ್ರಿ ದಾಟಿದರೆ ಅವು ಸೊರಗತೊಡಗುತ್ತವೆ. ಹೊಂಬಣ್ಣದ ಮೀನಿಗಾದರೋ ಉಷ್ಣತೆಗಿಂತ ಜಾಗದ್ದೇ ತೊಂದರೆ. ಅದು ಗೇಣುದ್ದ ಬೆಳೆಯುತ್ತದೆ, ಹೆಚ್ಚು ಹೊಲಸು ಮಾಡುತ್ತದೆ, ಹುಡುಗನು ನೆಟ್ಟ ಗಿಡಗಳನ್ನೆಲ್ಲ ಕಿತ್ತು ತಿನ್ನುತ್ತದೆ.

ಈಗ ನೀರಿನ ಗುಣದ ಮಾತು. ಕೊಳವೆಬಾವಿಯ ನೀರೆಂದು ಪತ್ರದಲ್ಲಿದೆ. ಬಕೆಟ್ಟಿನ ಅಂಚಿಗೆ ಬಿಳಿಯ ಕರೆ ಕಟ್ಟುತ್ತದೆಯೆಂದೂ ಬರೆದಿದ್ದಾರೆ. ಅದು ಗಡಸು ನೀರು. ನಿಯಾನ್ ಮೀನುಗಳು ಅಮೆಜಾನ್ ಕಾಡಿನ ತೊರೆಗಳಿಂದ ಬಂದವು. ಎಲೆ ಕೊಳೆತು ಚಹಾದ ಬಣ್ಣಕ್ಕೆ ತಿರುಗಿದ, ಲವಣವಿಲ್ಲದ ಮೆದು ನೀರು ಅವುಗಳ ತವರು. ಮಲೆನಾಡಿನಲ್ಲಿ ತೆರೆದ ಬಾವಿಯ ನೀರು ದೊರೆಯುವವರು ಅವನ್ನು ಧೈರ್ಯವಾಗಿ ಸಾಕಬಹುದು. ಗಡಸು ನೀರಿನಲ್ಲಿ ಅವು ಬಣ್ಣಗೆಟ್ಟು ಒಂದೊಂದಾಗಿ ಸಾಯುತ್ತವೆ, ಹುಡುಗನು ಕಾರಣ ತಿಳಿಯದೆ ಅಳುತ್ತಾನೆ. ಅದೇ ನೀರು ಗಪ್ಪಿ, ಮಾಲಿ, ಪ್ಲಾಟಿ ಮೀನುಗಳಿಗೆ ಬಲು ಹಿತ. ಇರುವ ನೀರಿಗೆ ಮೀನನ್ನು ಆರಿಸಬೇಕೇ ಹೊರತು, ಮೀನನ್ನು ಆರಿಸಿಕೊಂಡು ನೀರನ್ನು ಔಷಧಿಗಳಿಂದ ತಿದ್ದಹೊರಟರೆ ದುಡ್ಡೂ ಹೋಗುತ್ತದೆ, ಮೀನೂ ಹೋಗುತ್ತದೆ.

ಕಪ್ಪೆಗಳ ವಿಷಯಕ್ಕೆ ಬರುತ್ತೇನೆ. ಗದ್ದೆಯಿಂದ ಹಿಡಿದು ತಂದ ಕಪ್ಪೆಯನ್ನು ತೊಟ್ಟಿಯಲ್ಲಿಡುವುದು ಸರ್ವಥಾ ಬೇಡ. ಕಪ್ಪೆ ತನ್ನ ಚರ್ಮದ ಮೂಲಕವೇ ನೀರನ್ನು ಹೀರುತ್ತದೆ, ಉಸಿರಾಟದ ಒಂದು ಪಾಲನ್ನೂ ಚರ್ಮದಿಂದಲೇ ನಡೆಸುತ್ತದೆ. ಸಾಬೂನು ಹತ್ತಿದ ನಮ್ಮ ಕೈ ಸೋಂಕಿದರೂ ಅದಕ್ಕೆ ಅಪಾಯ. ಕಪ್ಪೆಗಳ ಚರ್ಮಕ್ಕೆ ಅಂಟುವ ಕೈಟ್ರಿಡ್ ಎಂಬ ಶಿಲೀಂಧ್ರ ರೋಗವು ಜಗತ್ತಿನಲ್ಲಿ ಹಲವು ಕಪ್ಪೆ ಜಾತಿಗಳನ್ನೇ ಅಳಿಸಿಹಾಕಿದೆ. ಅದು ದೇಶದಿಂದ ದೇಶಕ್ಕೆ ಹರಡಿದುದರಲ್ಲಿ ಪ್ರಾಣಿಗಳ ವ್ಯಾಪಾರದ ಪಾತ್ರ ದೊಡ್ಡದು. ಅಂಗಡಿಯ ವಿದೇಶೀ ಕಪ್ಪೆಗಳೂ ನೆರೆಹೊರೆಗೆ ಒಳ್ಳೆಯವಲ್ಲ. ಕೊರಿಯಾ ಮತ್ತು ಈಶಾನ್ಯ ಚೀನಾದ ಕೆಂಪುಹೊಟ್ಟೆಯ ಕಪ್ಪೆ ನೋಡಲು ಅತಿ ಸುಂದರ. ಆದರೆ ಅದರ ಚರ್ಮದಿಂದ ಒಸರುವ ವಿಷವು ಸಣ್ಣ ತೊಟ್ಟಿಯ ನೀರಿನಲ್ಲಿ ಸೇರಿ ಮೀನುಗಳನ್ನು ಕೊಲ್ಲಬಲ್ಲದು. ದಕ್ಷಿಣ ಅಮೆರಿಕದ ಬಣ್ಣಬಣ್ಣದ ವಿಷದ ಕಪ್ಪೆಗಳು ಅಂತರರಾಷ್ಟ್ರೀಯ ಒಪ್ಪಂದದ ರಕ್ಷಣೆಯಲ್ಲಿವೆ. 2022ರಲ್ಲಿ ನಮ್ಮ ಕಾಯ್ದೆಗೆ ತಂದ ತಿದ್ದುಪಡಿಯ ನಂತರ ಅಂಥ ಪ್ರಾಣಿಗಳನ್ನು ಸಾಕುವವರು ಸರ್ಕಾರದಲ್ಲಿ ನೋಂದಾಯಿಸಬೇಕು.

ಇದಕ್ಕಿಂತ ಮುಖ್ಯವಾದ ಮಾತೊಂದಿದೆ, ಮತ್ತು ಇಲ್ಲಿ ನಾನು ಅತ್ತೆಯವರ ಪಕ್ಷ. ಕಪ್ಪೆಯ ಕಣ್ಣಿಗೆ ಆಹಾರವೆಂದು ತೋರುವುದು ಚಲಿಸುವ ವಸ್ತು ಮಾತ್ರ. ಮುಂದೆ ಸತ್ತ ಹುಳುವನ್ನು ರಾಶಿ ಹಾಕಿದರೂ ಬಹುಪಾಲು ನೆಲಗಪ್ಪೆಗಳು ಹಸಿದೇ ಕುಳಿತಿರುತ್ತವೆ. ಅವುಗಳಿಗೆ ವಾರದಲ್ಲಿ ಹಲವು ಸಲ ಜೀವಂತ ಮಿಡತೆ, ಹುಳುಗಳನ್ನು ಬಿಡಲೇಬೇಕು. ಆ ಹುಳುಗಳನ್ನೂ ಮನೆಯಲ್ಲಿ ಡಬ್ಬಿಯೊಳಗೆ ಸಾಕಬೇಕು. ನಮ್ಮಂತಹ ಸಸ್ಯಾಹಾರಿ ಮನೆಗಳಲ್ಲಿ ಹಿರಿಯರಿಗೆ ಇದರಿಂದ ನೋವಾಗುವುದು ಸಹಜ. ಅದನ್ನು ‘ಹಳೆಯ ಕಾಲದವರ ಮಡಿ’ ಎಂದು ತಳ್ಳಿಹಾಕುವುದು ಸರಿಯಲ್ಲ. ಒಲ್ಲದ ಮನಸ್ಸಿನಿಂದ ಹಾಕುವ ಮೇವು ಎರಡು ತಿಂಗಳಿಗೆ ನಿಂತುಹೋಗುತ್ತದೆ, ಆಗ ಉಪವಾಸ ಬೀಳುವುದು ಕಪ್ಪೆಯೇ. ಮನೆಯವರೆಲ್ಲರೂ ಮನಸಾರೆ ಉಣಿಸಬಲ್ಲ ಪ್ರಾಣಿಯನ್ನೇ ಆರಿಸಬೇಕು.

ಅತ್ತೆಯವರಿಗೂ ಒಂದು ಸತ್ಯವನ್ನು ಹೇಳದಿದ್ದರೆ ಅನ್ಯಾಯವಾದೀತು. ಅಂಗಡಿಯಲ್ಲಿ ದೊರೆಯುವ ಒಣ ಮೀನುಮೇವಿನ ಕಾಳುಗಳಲ್ಲಿ ಸಾಮಾನ್ಯವಾಗಿ ಮೀನಿನ ಹಿಟ್ಟು ಸೇರಿರುತ್ತದೆ. ಪಾಚಿಯಿಂದ ಮಾಡಿದ ಮೇವೂ ದೊರೆಯುತ್ತದೆ. ಪೊಟ್ಟಣದ ಮೇಲಿನ ಬರಹವನ್ನು ಓದಿ ಕೊಳ್ಳಬೇಕು. ಗಪ್ಪಿ, ಮಾಲಿಗಳು ಪಾಚಿಯನ್ನೂ ಬೇಯಿಸಿದ ಪಾಲಕ್ ಸೊಪ್ಪನ್ನೂ ಸಂತೋಷದಿಂದ ತಿನ್ನುತ್ತವೆ. ಆದರೂ ಮೀನು ಮೀನೇ. ಸೊಳ್ಳೆಯ ಮರಿಯೊಂದು ಕಣ್ಣಿಗೆ ಬಿದ್ದರೆ ಯಾರ ಮಾತನ್ನೂ ಕೇಳದೆ ನುಂಗುತ್ತದೆ.

ಏಡಿಗಳ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಮೋಸ ಇಲ್ಲಿಯೇ ಹೆಚ್ಚು. ಅಂಗಡಿಗಳಲ್ಲಿ ‘ಸಿಹಿನೀರಿನ ಏಡಿ’ ಎಂದು ಮಾರುವ ಕೆಂಪು ಕೊಂಬಿನ ಏಡಿಗಳು ಬಹುಮಟ್ಟಿಗೆ ಕಾಂಡ್ಲಾ ಕಾಡಿನ ಉಪ್ಪುಮಿಶ್ರಿತ ನೀರಿನವು. ಸಿಹಿನೀರಿನಲ್ಲಿ ಕೆಲವು ತಿಂಗಳು ಒದ್ದಾಡಿ ಸಾಯುತ್ತವೆ. ಬದುಕಿರುವಷ್ಟು ದಿನ ರಾತ್ರಿಯ ಹೊತ್ತು ನಿದ್ರಿಸುವ ಮೀನುಗಳನ್ನು ಹಿಡಿಯುತ್ತವೆ. ಮುಚ್ಚಳದಲ್ಲಿ ಬೆರಳಗಲದ ಸಂದಿಯಿದ್ದರೂ ಸಾಕು, ಗಾಳಿಯ ಕೊಳವೆಯನ್ನು ಹಿಡಿದು ಹತ್ತಿ ಹೊರಬಂದು ಬೀರುವಿನ ಅಡಿಯಲ್ಲಿ ಒಣಗಿ ಬಿದ್ದಿರುತ್ತವೆ. ಜೌಗುತೊಟ್ಟಿಗೆ ನಿಜವಾಗಿಯೂ ಹೇಳಿ ಮಾಡಿಸಿದ ಏಡಿಯೆಂದರೆ ಇಂಡೋನೇಷ್ಯಾದ ಜಾವಾ ದ್ವೀಪದ ವ್ಯಾಂಪೈರ್ ಏಡಿ. ಹೆಸರು ಭಯಂಕರವಾದರೂ ಜೀವ ಹುಣಸೆಬೀಜದಷ್ಟು ದೊಡ್ಡದು. ಹಳದಿ ಕಣ್ಣು, ನೇರಳೆ ಮೈ. ಅದರ ಎರಡು ಪ್ರಭೇದಗಳು ವಿಜ್ಞಾನಿಗಳಿಂದ ಹೆಸರು ಪಡೆದದ್ದು 2015ರಲ್ಲಿ. ಅದಕ್ಕೂ ಎಷ್ಟೋ ವರ್ಷ ಮುಂಚೆಯೇ ಅವು ಅಂಗಡಿಗಳಲ್ಲಿ ಮಾರಾಟವಾಗುತ್ತಿದ್ದವು! ವಿಜ್ಞಾನಕ್ಕಿಂತ ವ್ಯಾಪಾರ ಮುಂದೆ ಓಡಿದ ಉದಾಹರಣೆ ಇದು. ಬಹುಪಾಲು ಸಮಯವನ್ನು ನೆಲದ ಮೇಲೆ ಕಳೆಯುವ ಈ ಏಡಿಗೆ ಸಮುದ್ರದ ಹಂಗಿಲ್ಲ. ಮರಿಗಳು ತಾಯಿಯ ಹೊಟ್ಟೆಯಡಿಯಿಂದ ಪೂರ್ಣ ಏಡಿಗಳಾಗಿಯೇ ಹೊರಬರುತ್ತವೆ. ಆದರೂ ಚಿಪ್ಪು ಕಳಚುವ ಕಾಲದಲ್ಲಿ ಮೈ ಮೆತ್ತಗಾದ ಏಡಿಯನ್ನು ಇನ್ನೊಂದು ಏಡಿ ತಿಂದುಬಿಡುವುದುಂಟು. ಅವುಗಳಿಗೆ ಒಣಗಿದ ಎಲೆಗಳ ಅಡಿಯಲ್ಲಿ ಬೇರೆ ಬೇರೆ ಅಡಗುತಾಣಗಳು ಬೇಕು. ಸಾಕುವುದಾದರೆ ಅವನ್ನೇ ಪ್ರತ್ಯೇಕವಾಗಿ ಸಾಕಬೇಕು. ಮೊದಲ ವರ್ಷದಲ್ಲಿ ಇದಕ್ಕೆ ಕೈಹಾಕಬೇಡವೆಂದೇ ನನ್ನ ಸಲಹೆ.

ಕರಾವಳಿಯ ಓದುಗರು ಅಳಿವೆಯ ಕೆಸರಿನಲ್ಲಿ ಜಿಗಿಯುವ ಮೀನುಗಳನ್ನು ನೋಡಿರುತ್ತಾರೆ. ಅವೂ ಉಪ್ಪುನೀರಿನವು, ಗಂಡುಗಳು ಜಗಳಗಂಟರು. ಕೇರಳ ಮತ್ತು ದಕ್ಷಿಣ ಕರ್ನಾಟಕದ ನದಿಗಳಿಂದ ಬರುವ ಹೆಬ್ಬೆಟ್ಟಿಗಿಂತ ಚಿಕ್ಕದಾದ ಕುಬ್ಜ ಉಬ್ಬುಮೀನೊಂದಿದೆ. ಅದರ ಮುದ್ದುಮುಖಕ್ಕೆ ಮಾರುಹೋಗಿ ಕೊಂಡವರು ಮರುದಿನ ಉಳಿದ ಮೀನುಗಳ ಬಾಲವೆಲ್ಲ ಹರಿದಿರುವುದನ್ನು ಕಾಣುತ್ತಾರೆ.

ಹಾಗಾದರೆ ಹುಡುಗನಿಗೆ ಉಳಿದದ್ದೇನು? ಮೊದಲು ಗಿಡಗಳು ಉಳಿದವು. 1829ರಲ್ಲಿ ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್ ಎಂಬಾತ ಪತಂಗದ ಕೋಶವೊಂದನ್ನು ತೇವದ ಮಣ್ಣಿನೊಡನೆ ಬಾಟಲಿಯಲ್ಲಿ ಮುಚ್ಚಿಟ್ಟ. ಪತಂಗಕ್ಕಾಗಿ ಕಾಯುತ್ತಿದ್ದಾಗ ಮಣ್ಣಿನಲ್ಲಿ ಒಂದು ಜರೀಗಿಡ ತಾನಾಗಿ ಮೊಳೆಯಿತು. ಲಂಡನ್ನಿನ ಹೊಗೆಯಲ್ಲಿ ಹೊರಗೆ ಬದುಕದಿದ್ದ ಗಿಡ ಗಾಜಿನೊಳಗೆ ಸೊಂಪಾಗಿ ಬೆಳೆಯಿತು. ಚೀನಾದ ಚಹಾ ಸಸಿಗಳು ಹಿಮಾಲಯದ ತಪ್ಪಲಿಗೆ ಹಡಗಿನಲ್ಲಿ ಬಂದದ್ದು ಆತನು ರೂಪಿಸಿದ ಗಾಜಿನ ಪೆಟ್ಟಿಗೆಗಳಲ್ಲಿಯೇ. ನಮ್ಮ ಹುಡುಗನ ತೊಟ್ಟಿ ಅದೇ ವಂಶದ್ದು. ದುಬಾರಿಯ ವಿದೇಶೀ ಗಿಡಗಳೇ ಆಗಬೇಕೆಂದಿಲ್ಲ. ಒಂದೆಲಗ ತೇವದ ದಂಡೆಯ ಮೇಲೆ ಹಬ್ಬುತ್ತದೆ. ನೀರುಬ್ರಾಹ್ಮಿ ನೀರಿನೊಳಗೂ ಹೊರಗೂ ಬೆಳೆಯುತ್ತದೆ. ಬಜೆಯ ಗೆಡ್ಡೆ ಜೌಗಿನಲ್ಲಿಯೇ ಬಾಳುವಂಥದು. ಜರೀಗಿಡ, ಹಾವಸೆಗಳು ಕಲ್ಲಿಗೆ ಅಂಟಿಕೊಳ್ಳುತ್ತವೆ. ಮನಿಪ್ಲಾಂಟಿನ ಬೇರನ್ನು ನೀರಿಗೆ ಇಳಿಬಿಟ್ಟರೆ ಅದು ಮೀನಿನ ಹೊಲಸನ್ನೇ ಗೊಬ್ಬರವಾಗಿ ಹೀರುತ್ತದೆ.

ಗಿಡ ನೆಟ್ಟ ಮೇಲೆ ನಾಲ್ಕರಿಂದ ಆರು ವಾರ ಯಾವ ಪ್ರಾಣಿಯನ್ನೂ ತರಕೂಡದು. ಹದಿನಾಲ್ಕು ವರ್ಷದ ಹುಡುಗನಿಗೆ ಇದು ಅತ್ಯಂತ ಕಠಿಣವಾದ ಮಾತೆಂದು ಬಲ್ಲೆ. ಆದರೆ ಹೊಸ ತೊಟ್ಟಿಯ ಮೀನುಗಳು ಮೊದಲ ತಿಂಗಳಲ್ಲಿಯೇ ಸಾಯುವುದು ಈ ಅವಸರದಿಂದ. ಮೀನಿನ ಮಲಮೂತ್ರದಿಂದ ಅಮೋನಿಯಾ ಹುಟ್ಟುತ್ತದೆ. ಅದು ವಿಷ. ಗಡಸು ನೀರಿನಲ್ಲಿ ಅದರ ವಿಷತ್ವ ಸಾಮಾನ್ಯವಾಗಿ ಇನ್ನೂ ಹೆಚ್ಚು. ಒಂದು ಬಗೆಯ ಸೂಕ್ಷ್ಮಾಣು ಅದನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತದೆ, ಅದೂ ವಿಷವೇ. ಇನ್ನೊಂದು ಬಗೆಯದು ಅದನ್ನು ನೈಟ್ರೇಟ್ ಆಗಿಸುತ್ತದೆ, ಅದನ್ನು ಗಿಡಗಳು ಉಣ್ಣುತ್ತವೆ. ಈ ಸೂಕ್ಷ್ಮಾಣುಗಳು ಕಲ್ಲು ಮರಳುಗಳ ಮೇಲೆ ನೆಲೆಯೂರಲು ಅಷ್ಟು ವಾರಗಳು ಬೇಕು. ನೀರಿಗೆ ದಿನಕ್ಕೊಂದು ಚಿಟಿಕೆ ಮೀನುಮೇವನ್ನು ಹಾಕುತ್ತ ಬಂದರೆ ಅವುಗಳಿಗೆ ಆಹಾರ ಸಿಕ್ಕಂತಾಗುತ್ತದೆ. ಖಾಲಿ ತೊಟ್ಟಿಗೆ ಊಟ ಹಾಕುತ್ತಿದ್ದಾನೆಂದು ಮನೆಯವರು ನಗಬಾರದು.

ಆ ಬಳಿಕ ಎರಡು ಬಸವನಹುಳು. ಒಂದು ವಾರ ಕಳೆದು ಎಂಟೋ ಹತ್ತೋ ಚೆರ್ರಿ ಸಿಗಡಿ. ತೈವಾನ್, ಚೀನಾ ಕಡೆಯ ಈ ಕೆಂಪು ಸಿಗಡಿ ಎರಡು ಮೂರು ಸೆಂಟಿಮೀಟರ್ ಬೆಳೆಯುತ್ತದೆ. ದಿನವಿಡೀ ಎಲೆಗಳ ಮೇಲಿನ ಪಾಚಿಯನ್ನು ಕೈಗಳಿಂದ ಆರಿಸಿ ಆರಿಸಿ ಬಾಯಿಗಿಡುವುದನ್ನು ನೋಡುತ್ತ ಕುಳಿತರೆ ಅಕ್ಕಿ ಆರಿಸುವ ಹೆಂಗಳೆಯರ ನೆನಪಾಗುತ್ತದೆ. ತಾಮ್ರವೆಂದರೆ ಅದಕ್ಕೆ ಮರಣ. ತಾಮ್ರದ ಕೊಡದಲ್ಲಿಟ್ಟ ನೀರನ್ನು ತೊಟ್ಟಿಗೆ ಸುರಿಯಬಾರದು, ತಾಮ್ರವಿರುವ ಮೀನಿನ ಔಷಧಿಯನ್ನೂ ಹಾಕಬಾರದು. ಕಡೆಯಲ್ಲಿ ಆರು ಗಪ್ಪಿಗಳು. ಆರೂ ಗಂಡಾಗಿರಲಿ. ಹೆಣ್ಣೊಂದಿದ್ದರೆ ತಿಂಗಳಿಗೊಮ್ಮೆ ಇಪ್ಪತ್ತು ಮೂವತ್ತು ಮರಿಗಳು, ವರ್ಷದೊಳಗೆ ಮತ್ತೆ ಕೆರೆಯ ದಾರಿ ಹಿಡಿಯಬೇಕಾದೀತು. ಗಪ್ಪಿಗಳು ಸಿಗಡಿಯ ಮರಿಗಳಲ್ಲಿ ಕೆಲವನ್ನು ತಿನ್ನದೆ ಬಿಡವು. ಹಾವಸೆಯ ಗುಂಪು ದಟ್ಟವಾಗಿದ್ದರೆ ಸಾಕಷ್ಟು ಉಳಿಯುತ್ತವೆ.

ದಂಡೆಯ ಮೇಲೆ ಏನೂ ಬೇಡವೇ ಎಂದು ಹುಡುಗ ಕೇಳುತ್ತಾನೆ. ಏನೂ ಬೇಡ. ಕನಿಷ್ಠ ಒಂದು ವರ್ಷ ಗಿಡಗಳೇ ಇರಲಿ. ಮಣ್ಣಿನಲ್ಲಿ ಕಣ್ಣಿಗೆ ಕಾಣದಷ್ಟು ಚಿಕ್ಕ ಜೀವಿಗಳು ತಾವಾಗಿಯೇ ಬಂದು ಬೂಷ್ಟನ್ನು ತಿಂದು ಸ್ವಚ್ಛಮಾಡುತ್ತವೆ. ಭೂತಗನ್ನಡಿಯೊಂದನ್ನು ಕೊಡಿಸಿದರೆ ಅವನಿಗೆ ಬೇರೆ ಪ್ರಾಣಿಗಳೇ ಬೇಕೆನಿಸದು.

ಇನ್ನೆರಡು ಸಣ್ಣ ಮಾತುಗಳು. ಆವಿಯಾದ ನೀರಿನ ಬದಲಿಗೆ ಮತ್ತೆ ಮತ್ತೆ ಗಡಸು ನೀರನ್ನೇ ಸುರಿದರೆ ಲವಣಗಳು ಕೂಡಿಕೊಳ್ಳುತ್ತ ಹೋಗುತ್ತವೆ. ಮಳೆಗಾಲದಲ್ಲಿ ಹಿಡಿದಿಟ್ಟ ಮಳೆಯ ನೀರು ಇದಕ್ಕೆ ಉತ್ತಮ. ರಾತ್ರಿ ವಿದ್ಯುತ್ ಹೋಗಿ ಗಾಳಿಯ ಪಂಪು ನಿಂತರೆ ಗಿಡಗಳಿವೆಯಲ್ಲ ಎಂದು ಸುಮ್ಮನಿರಬಾರದು. ಕತ್ತಲೆಯಲ್ಲಿ ಗಿಡಗಳೂ ಪ್ರಾಣವಾಯುವನ್ನು ಬಳಸುತ್ತವೆ. ಬ್ಯಾಟರಿಯಿಂದ ನಡೆಯುವ ಚಿಕ್ಕ ಪಂಪು ಹೆಚ್ಚಿನ ಬೆಲೆಯದೇನಲ್ಲ.

ಸಹೋದರಿಯವರು ಪತ್ರದ ಕೊನೆಯಲ್ಲಿ ಇನ್ನೊಂದು ಸಂಗತಿಯನ್ನು ಬರೆದಿದ್ದಾರೆ. ಪಕ್ಕದ ಮನೆಯವರು ತಮ್ಮಲ್ಲಿರುವ, ಕೆಂಪು ಪಟ್ಟೆಯ ಆಮೆಯೊಂದನ್ನು ‘ನಮಗೆ ಸಾಕಾಯಿತು, ನಿಮ್ಮ ಹುಡುಗ ಇಟ್ಟುಕೊಳ್ಳಲಿ, ಇಲ್ಲದಿದ್ದರೆ ಕೆರೆಗೆ ಬಿಡುತ್ತೇವೆ’ ಎನ್ನುತ್ತಿದ್ದಾರಂತೆ. ದಯವಿಟ್ಟು ಅದನ್ನು ಕೆರೆಗೆ ಬಿಡಗೊಡಬೇಡಿ. ಆ 40 ಲೀಟರ್ ನೀರಿಗೂ ತರಬೇಡಿ. ಹಿತ್ತಿಲಲ್ಲಿ ಹಳೆಯ ಸಿಮೆಂಟಿನ ಬಾನಿಯಿದೆಯೆಂದು ಬರೆದಿದ್ದೀರಿ. ಅದು ಒಂದು ಮೀಟರಿಗಿಂತ ಅಗಲವಾಗಿದ್ದರೆ, ಅರ್ಧದಷ್ಟು ನೆರಳು ಮಾಡಿ, ಹತ್ತಿ ಬಿಸಿಲು ಕಾಯಲು ಒಂದು ಚಪ್ಪಡಿಯಿಟ್ಟು, ಬೆಕ್ಕು ಹದ್ದುಗಳು ಬಾರದಂತೆ ಮೇಲೆ ಜಾಲರಿ ಹಾಕಿ, ಅದರಲ್ಲಿ ಒಂದನ್ನೇ ಸಾಕಬಹುದು. ಬೆಳೆದ ಆಮೆ ಸೊಪ್ಪನ್ನೇ ಹೆಚ್ಚಾಗಿ ತಿನ್ನುವುದರಿಂದ ಅತ್ತೆಯವರೂ ಒಪ್ಪಿಯಾರು. ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆಯಬೇಕು. ಹುಡುಗನಿಗೆ ನಲವತ್ತು ವರ್ಷವಾಗುವವರೆಗೂ ಅದು ಬದುಕಿರಬಹುದೆಂಬುದನ್ನು ತಿಳಿಸಿಯೇ ಅವನ ಉತ್ತರವನ್ನು ಕೇಳಿ. ಬಾನಿಯ ಅಳತೆಯನ್ನು ನನಗೆ ಬರೆದು ಕಳುಹಿಸಿದರೆ, ನೀರು ಎಷ್ಟು ಆಳವಿರಬೇಕೆಂಬುದನ್ನು ಮುಂದಿನ ಸಂಚಿಕೆಯೊಳಗಾಗಿ ತಿಳಿಸುತ್ತೇನೆ.